ಆವಕಾಯಿಗೆ ಕಾಲಂ ಇರಲಿಲ್ಲ

ನನ್ನ ಕುರ್ಚಿಯಲ್ಲಿ ಈಗ ಕೂಡುವ ಸ್ವಪ್ನಾ ಆಗಾಗ ಫೋನ್ ಮಾಡುತ್ತಾಳೆ. ಫೋನೆತ್ತಿದ ಕೂಡಲೇ ಅವಳ ಮೊದಲ ಮಾತು, "ಮೇಡಂ, ಪೋರ್ಟಲ್ ಅರ್ಜಿ ತಗೋತಿಲ್ಲ." ನಮ್ಮ ಕಾಲದಲ್ಲಿ ತಗೊಳ್ಳದೆ ಇರುತ್ತಿದ್ದವರು ಮನುಷ್ಯರು. ಮನುಷ್ಯರಾದರೆ ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳಬಹುದು, ಮುಖ ಸಪ್ಪಗೆ ಮಾಡಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂಡಬಹುದು. ಪೋರ್ಟಲ್ ಮುಂದೆ ಮುಖ ಸಪ್ಪಗೆ ಮಾಡಿಕೊಂಡರೆ ಅದಕ್ಕೇನು ಗೊತ್ತಾಗಬೇಕು?

ನಾನು ನಿವೃತ್ತಳಾದ ಮೇಲೆ ಬಂದ ಆ ದೊಡ್ಡ ಸೋಂಕಿನಲ್ಲಿ ಸ್ವಪ್ನಾ ಬಹಳ ಕಂಗಾಲಾಗಿದ್ದಳು. ಬೆಳಿಗ್ಗೆ ಒಂದು ಆದೇಶ, ಸಂಜೆಗೆ ಇನ್ನೊಂದು. ವೀಸಾ ಮುಗಿದವರಿಗೆ ವಿಮಾನವಿಲ್ಲ, ವಿಮಾನ ಸಿಕ್ಕವರಿಗೆ ಅನುಮತಿಯಿಲ್ಲ. "ಇಂಥದ್ದು ಯಾರೂ ಕಂಡಿಲ್ಲ ಮೇಡಂ" ಎಂದಳು. ನಾನು ಕಂಡಿದ್ದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲ, ಆದರೆ ಜ್ವರವೂ ಹೊಸ ನಿಯಮವೂ ಕೈಕೈ ಹಿಡಿದು ಬಂದ ಒಂದು ವರ್ಷವನ್ನು ಕಂಡಿದ್ದೆ. ಅದು ಹಂದಿಜ್ವರದ ವರ್ಷ. ಹೈದರಾಬಾದು ಇನ್ನೂ ಇಡೀ ಆಂಧ್ರಪ್ರದೇಶದ ರಾಜಧಾನಿಯಾಗಿತ್ತು, ಮೆಟ್ರೋ ಇನ್ನೂ ಮಾತಿನಲ್ಲೇ ಓಡುತ್ತಿತ್ತು. ಅದನ್ನೆಲ್ಲ ಬರೆದುಕೊಡಿ, ಹೊಸದಾಗಿ ಸೇರಿದವರಿಗೆ ಓದಿಸುತ್ತೇನೆ ಎಂದು ಸ್ವಪ್ನಾ ಹಟ ಹಿಡಿದಳು. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂದು ಬರೆಯುವುದಿಲ್ಲ, ಅದರಲ್ಲಿ ಓದುವಂಥದ್ದೇನೂ ಇಲ್ಲ.

ನಮ್ಮದು ಮಾತ್ರೆಗಳನ್ನು ಸ್ಟ್ರಿಪ್ ಪಟ್ಟಿಯಲ್ಲಿ ಕೂರಿಸಿ ಮುಚ್ಚುವ ಕಂಪನಿ. ಕಾರ್ಖಾನೆ ಉಪ್ಪಲ್‌ನಲ್ಲಿ, ಆಫೀಸು ಗಚ್ಚಿಬೌಲಿಯಲ್ಲಿ. ಯಂತ್ರಗಳು ಹೊರದೇಶದವು, ಅವುಗಳ ಹಿಂದೆ ಅವನ್ನು ಜೋಡಿಸುವವರೂ ಬರುತ್ತಿದ್ದರು. ಅವರನ್ನು ವಿಮಾನ ನಿಲ್ದಾಣದಲ್ಲಿ ಹೆಸರಿನ ಹಲಗೆ ಹಿಡಿದು ಕರೆದುಕೊಳ್ಳುವುದು, ಮನೆ ಹುಡುಕುವುದು, ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸುವುದು, ವೀಸಾ ಮುಗಿಯುವ ಮುಂಚೆ ನೆನಪಿಸುವುದು ನನ್ನ ಕೆಲಸ. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಭಾರಿ ಹೆಸರಿತ್ತು. ಕಾಚಿಗುಡದ ನಮ್ಮ ಮನೆಯಲ್ಲಿ ಅತ್ತೆಯವರು ಮಾತ್ರ ಬಂದವರಿಗೆಲ್ಲ, "ಕುಸುಮಾ ಬಿಳೇ ಮಂದೀನ ಕಾಯೋ ಕೆಲಸಾ ಮಾಡತಾಳ" ಎನ್ನುತ್ತಿದ್ದರು. ಅತ್ತೆಯವರ ವಿವರಣೆಯೇ ಸತ್ಯಕ್ಕೆ ಹತ್ತಿರವಾಗಿತ್ತು.

ಆಗಿನ ನೋಂದಣಿಯ ಅರ್ಜಿ ಎಂದರೆ ಹಲವು ಪ್ರತಿ, ಪ್ರತಿಯೊಂದಕ್ಕೂ ಫೋಟೋ. ಭಾರತಕ್ಕೆ ಬಂದ ದಿನ, ಬಂದ ವಿಮಾನ, ಉಳಿಯುವ ವಿಳಾಸ ಎಲ್ಲ ಬರೆಯಬೇಕು. ಕೊನೆಯ ಕಡೆ "ಬಂದಾಗ ಬರಮಾಡಿಕೊಂಡವರು" ಎಂಬ ಒಂದು ಕಾಲಂ. ಅಲ್ಲಿ ಸದಾ ಕಂಪನಿಯ ಪರವಾಗಿ ನನ್ನ ಹೆಸರೇ. ನಿದ್ದೆಗಣ್ಣಿನಲ್ಲಿಯೂ ಬರೆಯುವಷ್ಟು ಅದು ನನ್ನ ಕೈಗೆ ಅಂಟಿಹೋಗಿತ್ತು.

ವಿಳಾಸದ ಕಾಲಂನಲ್ಲಿ ಮಾತ್ರ ದಿನಾ ಗುದ್ದಾಟ. ಹೈದರಾಬಾದಿನಲ್ಲಿ ಯಾವ ಮನೆಯೂ ತನ್ನ ಸಂಖ್ಯೆಯಿಂದ ಸಿಗುವುದಿಲ್ಲ. ನೀರಿನ ಟ್ಯಾಂಕಿನ ಪಕ್ಕ, ಹನುಮಾನ್ ಗುಡಿಯ ಹಿಂದೆ, ಇರಾನಿ ಹೋಟೆಲಿನ ಎದುರು. ಒಬ್ಬ ಜಪಾನಿ ಎಂಜಿನಿಯರ್ ಈ ಮೂರೂ ಸರಿಯೋ ಎಂದು ಸ್ವತಃ ನಡೆದು ನೋಡಿ ಬಂದ. ಇರಾನಿ ಹೋಟೆಲು ಮುಚ್ಚಿ ಅಲ್ಲೊಂದು ಮೊಬೈಲ್ ಅಂಗಡಿ ಬಂದಿತ್ತು. ಇಲ್ಲದ ಹೋಟೆಲಿನ ಎದುರು ಇದ್ದೇನೆ ಎಂದು ಸಹಿ ಮಾಡುವುದು ಹೇಗೆ ಎಂದು ಅವನು ಪೆನ್ನು ಕೆಳಗಿಟ್ಟ. ಊರಿನವರೆಲ್ಲ ಈಗಲೂ ಹಾಗೆಯೇ ಕರೆಯುತ್ತಾರೆ ಎಂದು ಒಪ್ಪಿಸುವಷ್ಟರಲ್ಲಿ ಕಚೇರಿಯ ಬಾಗಿಲು ಹಾಕಿದರು.

ಮನೆ ಮಾಲೀಕರದು ಇನ್ನೊಂದು ಕಥೆ. ಬಾಡಿಗೆದಾರ ವಿದೇಶಿ ಎಂದರೆ ಖುಷಿ, ಅವನ ಬಗ್ಗೆ ಪತ್ರ ಕೊಡಿ ಎಂದರೆ ಭಯ. ಒಬ್ಬ ಮಾಲೀಕರು ಪೊಲೀಸರು ಮನೆಗೆ ಬಂದುಬಿಟ್ಟಾರು ಎಂದು ಹೆದರಿ, "ಈತ ಬಾಡಿಗೆದಾರನಲ್ಲ, ನನ್ನ ಸೋದರಳಿಯ" ಎಂದು ಬರೆದು ಸಹಿ ಹಾಕಿ ಲಕೋಟೆ ಅಂಟಿಸಿ ಕೊಟ್ಟರು. ನಾನು ಬಿಚ್ಚಿ ನೋಡದೆ ಒಪ್ಪಿಸಿದೆ. ನೋಂದಣಿ ಕಚೇರಿಯ ಖಾದ್ರಿ ಸಾಹೇಬರು ಓದಿದರು, ಎದುರಿಗೆ ನಿಂತಿದ್ದ ಆರಡಿ ಎತ್ತರದ, ಮೆಕ್ಕೆಜೋಳದ ಬಣ್ಣದ ಕೂದಲಿನ ಹುಡುಗನನ್ನು ನೋಡಿದರು, ಮತ್ತೆ ಓದಿದರು. "ಬಾಯಾರ, ಈ ಮನೀ ಮಾಲಕರ ಅಕ್ಕನ್ನ ಎಲ್ಲಿಗೆ ಕೊಟ್ಟಿದ್ರಂತ?" ಎಂದು ಕೇಳಿದರು. ಅಂದಿನಿಂದ ಲಕೋಟೆ ಬಿಚ್ಚಿ ನೋಡದೆ ಏನನ್ನೂ ಒಪ್ಪಿಸಿಲ್ಲ. ಹೊಸಬರು ಇದೊಂದನ್ನಾದರೂ ನೆನಪಿಡಿ.

ಖಾದ್ರಿ ಸಾಹೇಬರು ಬೀದರಿನವರು. ಕೌಂಟರಿನಲ್ಲಿ ಉರ್ದು, ತೆಲುಗು, ಇಂಗ್ಲಿಷ್ ಮಾತಾಡಿ ದಣಿದ ಮೇಲೆ ನನ್ನನ್ನು ಕಂಡರೆ ಕನ್ನಡಕ್ಕೆ ಇಳಿಯುತ್ತಿದ್ದರು. ಹಾಗೆಂದು ರಿಯಾಯಿತಿ ಏನೂ ಇರಲಿಲ್ಲ. ಫೋಟೋದ ಹಿನ್ನೆಲೆ ಬಿಳಿ ಇರಬೇಕು, ಕೆನೆಬಣ್ಣ ನಡೆಯುವುದಿಲ್ಲ ಎಂದು ಕನ್ನಡದಲ್ಲೇ ಹೇಳಿ ಕನ್ನಡದಲ್ಲೇ ವಾಪಸು ಕಳಿಸುತ್ತಿದ್ದರು. ಅವರನ್ನು ಬೈದುಕೊಂಡಷ್ಟು ನಾನು ಯಾರನ್ನೂ ಬೈದುಕೊಂಡಿಲ್ಲ. ಅವರನ್ನು ನಂಬಿದಷ್ಟೂ ಯಾರನ್ನೂ ನಂಬಿಲ್ಲ. ಒಮ್ಮೆ ಅವರು ಸಹಿ ಹಾಕಿದರೆ ಅದನ್ನು ದಿಲ್ಲಿಯವರೂ ಅಲ್ಲಾಡಿಸುತ್ತಿರಲಿಲ್ಲ.

ಇನ್ನು ಆ ವರ್ಷದ ಮಾತು. ಜ್ವರ ವಿಮಾನದಲ್ಲಿ ಬಂದಿದೆ ಎಂದು ಪೇಪರಿನಲ್ಲಿ ಓದಿದ ದಿನದಿಂದ ನನ್ನ ವಿದೇಶಿಯರೆಲ್ಲ ಊರಿನ ಕಣ್ಣಿಗೆ ನಡೆದಾಡುವ ಜ್ವರವಾದರು. ಅಪಾರ್ಟ್‌ಮೆಂಟಿನ ಲಿಫ್ಟಿಗೆ ಇವರು ಕಾಲಿಟ್ಟರೆ ಒಳಗಿದ್ದವರು ತಮ್ಮ ಮಹಡಿ ಬರುವ ಮೊದಲೇ ಇಳಿದುಬಿಡುತ್ತಿದ್ದರು. ಒಬ್ಬ ಇಟಲಿಯವನಿಗೆ ಇದು ಎಷ್ಟು ಹಿಡಿಸಿತೆಂದರೆ, ಅಮೀರ್‌ಪೇಟ್ ಬಸ್ಸಿನಲ್ಲಿ ಸೀಟು ಬೇಕಾದಾಗ ಸುಮ್ಮನೆ ಒಂದು ಸಲ ಕೆಮ್ಮುತ್ತಿದ್ದ. ಹಾಗೆ ಮಾಡಬೇಡ, ಇಳಿಸಿ ಹೊಡೆದಾರು ಎಂದು ಬುದ್ಧಿ ಹೇಳಬೇಕಾಯಿತು.

ನಮ್ಮ ಅತ್ತೆಯವರು ಮನೆಯ ಬಾಗಿಲಲ್ಲೇ ಬಕೆಟ್ ಇಟ್ಟು ಕಾಯುತ್ತಿದ್ದರು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರಬಾರದು ಎಂಬುದು ಅವರ ಹಳೆಯ ಕಾನೂನು. ನಾನು ನೌಕರಿಗೆ ಸೇರಿದಾಗಿನಿಂದ ಅದನ್ನು ಮುರಿಯುತ್ತ ಬಂದಿದ್ದೆ. ಈಗ ಟಿ.ವಿ.ಯಲ್ಲಿ ಡಾಕ್ಟರು ಸಾಬೂನು ಹಿಡಿದು ಅದನ್ನೇ ಹೇಳತೊಡಗಿದರು. ಅತ್ತೆಯವರು ಸೊಸೆಯ ಮೇಲೆ ಸಾಧಿಸಿದ ಆ ಗೆಲುವನ್ನು ಕೊನೆಯವರೆಗೂ ಮರೆಯಲಿಲ್ಲ.

ಜ್ವರದ ಬೆನ್ನಿಗೇ ನಿಯಮ ಬದಲಾಯಿತು. ಅಲ್ಲಿಯವರೆಗೆ ವ್ಯಾಪಾರದ ವೀಸಾದಲ್ಲಿ ಬಂದು ಯಂತ್ರ ಜೋಡಿಸುತ್ತಿದ್ದವರನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಹೊಸ ಸುತ್ತೋಲೆ: ಇಲ್ಲಿ ಕೈಯಾರೆ ಕೆಲಸ ಮಾಡುವವರಿಗೆ ನೌಕರಿಯ ವೀಸಾ ಬೇಕು, ಅದನ್ನು ಇಲ್ಲಿ ಬದಲಿಸಿಕೊಡುವುದಿಲ್ಲ, ಗಡುವಿನೊಳಗೆ ದೇಶ ಬಿಟ್ಟು ತಮ್ಮ ಊರಿನಲ್ಲೇ ಹೊಸದು ಪಡೆದು ಬರಬೇಕು. ಪ್ರವಾಸಿ ವೀಸಾದವರಿಗೂ ಬಿಸಿ ತಟ್ಟಿತು. ವೀಸಾ ಮುಗಿದಾಗಲೆಲ್ಲ ನೇಪಾಳಕ್ಕೆ ಹೋಗಿ ಚಹಾ ಕುಡಿದು ತಿರುಗಿ ಬರುತ್ತಿದ್ದ ಒಬ್ಬ ಮುದುಕರು, ಕಂಪನಿಗೆ ಸಂಬಂಧವೇ ಇಲ್ಲದಿದ್ದರೂ, ನನ್ನ ಮೇಜಿನ ಎದುರು ಬಂದು ಕೂತರು. ಹೊರಗೆ ಹೋದ ಕೂಡಲೇ ತಿರುಗಿ ಬರುವಂತಿಲ್ಲ, ನಡುವೆ ಅಂತರ ಬೇಕು ಎಂದರಂತೆ. "ಅಷ್ಟು ದಿನ ನೇಪಾಳದಲ್ಲಿ ಏನು ಮಾಡಲಿ?" ಎಂದು ಕೇಳಿದರು. ಇನ್ನಷ್ಟು ಚಹಾ ಕುಡಿಯಿರಿ ಎನ್ನದೆ ನನಗೂ ಬೇರೆ ದಾರಿ ಇರಲಿಲ್ಲ.

ಸುತ್ತೋಲೆಯ ಅರ್ಥ ನಮಗಿಂತ ಮೊದಲು ಹರಡುತ್ತಿದ್ದುದು ಬಂಜಾರಾ ಹಿಲ್ಸಿನ ಒಂದು ಕಾಫಿ ಅಂಗಡಿಯಲ್ಲಿ. ಊರಿನ ವಿದೇಶಿಯರೆಲ್ಲ ಭಾನುವಾರ ಅಲ್ಲಿ ಸೇರಿ ಗಾಳಿಸುದ್ದಿ ಹಂಚಿಕೊಳ್ಳುತ್ತಿದ್ದರು. ಸೋಮವಾರ ನನ್ನ ಮುಂದೆ ಸಾಲುಗಟ್ಟುತ್ತಿದ್ದರು. ನಮ್ಮವರ ಹಾಗೆಯೇ "ನನಗೆ ಒಬ್ಬರು ಗೊತ್ತು" ಎನ್ನುವುದನ್ನೂ ಕಲಿತಿದ್ದರು. ಇಷ್ಟು ಬೇಗ ಭಾರತೀಯರಾದವರನ್ನು ವೀಸಾ ಇಲ್ಲವೆಂದು ಹೊರಗೆ ಕಳಿಸುವುದು ಅನ್ಯಾಯ ಎಂದು ನಾನು ಖಾದ್ರಿ ಸಾಹೇಬರಿಗೆ ಹೇಳಿದೆ. ಅವರು ನಗಲಿಲ್ಲ. ಆ ದಿನಗಳಲ್ಲಿ ಅವರ ಮುಖದ ಮೇಲೆ ಮಾಸ್ಕ್ ಇತ್ತು, ಒಳಗೆ ನಕ್ಕಿದ್ದರೆ ಗೊತ್ತಿಲ್ಲ.

ಈ ಗಡುವಿಗೆ ಸಿಕ್ಕಿಕೊಂಡವನು ತೋಮಾಷ್. ಪೋಲೆಂಡಿನವನು. ಒಂದು ಯಂತ್ರ ಜೋಡಿಸಿ ಹೋಗಲು ಬಂದವನನ್ನು ಯಂತ್ರ ಬಿಡಲೇ ಇಲ್ಲ. ಅವನು ಪಕ್ಕದಲ್ಲಿದ್ದರೆ ಓಡುತ್ತಿತ್ತು, ಊರಿಗೆ ಹೊರಟರೆ ನಿಲ್ಲುತ್ತಿತ್ತು. ಕೊನೆಗೆ ಹೆಂಡತಿ ಈವಾಳನ್ನೂ ಕರೆಸಿಕೊಂಡು ಗಚ್ಚಿಬೌಲಿಯಲ್ಲಿ ಮನೆ ಮಾಡಿದ. ಆ ವರ್ಷ ಈವಾ ತುಂಬು ಬಸುರಿ, ಚೊಚ್ಚಲು. ವಿಮಾನ ಹತ್ತಬಾರದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರಿಂದ ಅವಳ ವೀಸಾವನ್ನು ಖಾದ್ರಿ ಸಾಹೇಬರು ವೈದ್ಯಕೀಯ ಕಾರಣದ ಮೇಲೆ ಮುಂದುವರಿಸಿದ್ದರು. ಗಂಡ ಬಸುರಿಯಲ್ಲವಲ್ಲ, ಅವನಿಗೆ ಆ ಕಾರಣ ಹೊಂದಲಿಲ್ಲ. ಅವನು ಹೋಗಲೇಬೇಕಿತ್ತು.

ಈವಾಳಿಗೆ ಈ ಊರಿನಲ್ಲಿ ಹತ್ತಿರದವರು ಅಂತ ಯಾರೂ ಇರಲಿಲ್ಲ. ತಾಯಿ ಬರಬೇಕಿತ್ತು, ಜ್ವರದ ಭಯಕ್ಕೆ ಬರಲಿಲ್ಲ. ಅವಳು ನನ್ನ ಮುಂದೆ ಅತ್ತವಳಲ್ಲ. ಒಂದು ದಿನ ಮಾತ್ರ, ತೋಮಾಷ್ ಟಿಕೆಟಿನ ವಿಚಾರ ಮಾತಾಡುತ್ತಿದ್ದಾಗ, ನನ್ನ ಕೈ ಹಿಡಿದು, "ಅವನು ಇರಬೇಕು. ಅಷ್ಟೇ. ಬೇರೆ ಏನೂ ಬೇಡ" ಎಂದಳು. ಮಗು ಹುಟ್ಟುವ ಹೊತ್ತಿಗೆ ಅವನು ಬಾಗಿಲಾಚೆ ಇರಬೇಕು ಎಂಬುದು ಅವಳ ಆಸೆ. ಬೇಗ ಹೋದರೆ ಬೇಗ ಬಂದಾನು ಎಂದು ನಾನು ಲೆಕ್ಕ ಹಾಕಿ, ಗಡುವಿಗೆ ಬಹಳ ಮೊದಲೇ ಟಿಕೆಟ್ ತೆಗೆಸಿದೆ.

ಆ ಟಿಕೆಟನ್ನು ರದ್ದು ಮಾಡಿಸಿದವರು ನಮ್ಮ ಮೇಲಧಿಕಾರಿ ಸುಬ್ಬಾರಾವ್ ಗಾರು. ಗುಂಟೂರಿನವರು, ಸಜ್ಜನರು, ಹೃದಯದಲ್ಲಿ ಮೋಸವಿಲ್ಲ. ಆದರೆ ಯಾರಿಗೂ "ಹೋಗು" ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಯಂತ್ರ ಮತ್ತೆ ನಿಂತಿದೆ, ಇದೊಂದು ಸರಿ ಮಾಡಿ ಹೊರಡಲಿ ಎಂದರು. ಆಮೇಲೆ ಮತ್ತೊಂದು. ಹೀಗೆ ಜಗ್ಗುತ್ತ ಗಡುವಿನ ಕೊನೆಯ ದಿನದ ಸಂಜೆಯ ವಿಮಾನಕ್ಕೆ ತಂದು ನಿಲ್ಲಿಸಿದರು. ನನ್ನ ಸಿಟ್ಟನ್ನು ಕಂಡು ಅವರಿಗೂ ಪಾಪಪ್ರಜ್ಞೆ ಕಾಡಿರಬೇಕು. ಹೊರಡುವ ದಿನ ಮಧ್ಯಾಹ್ನ ತಮ್ಮ ಮನೆಯಲ್ಲೇ ಊಟ ಎಂದು ಘೋಷಿಸಿದರು.

ಆ ಊಟಕ್ಕೆ ನಾನೂ ಹೋಗಿದ್ದೆ. ಬಾಳೆ ಎಲೆ, ಬಿಸಿ ಅನ್ನ, ತುಪ್ಪ, ಆ ವರ್ಷ ಹಾಕಿದ ಮಾವಿನ ಉಪ್ಪಿನಕಾಯಿ, ಆವಕಾಯಿ. ನಾನು ಕಲಬುರಗಿ ಕಡೆಯವಳು, ಕೆಂಪು ಮೆಣಸಿನಕಾಯಿಗೆ ಹೆದರುವವಳಲ್ಲ. ಆದರೂ ಸುಬ್ಬಾರಾವ್ ಗಾರ ಮನೆಯ ಆವಕಾಯಿಯ ಮುಂದೆ ಗೌರವದಿಂದ ನಡೆದುಕೊಳ್ಳುತ್ತಿದ್ದೆ. ತೋಮಾಷನಿಗೆ ಅದು ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಬಡಿಸಿದ್ದನ್ನು ಬಿಡುವುದು ಅವಮಾನ. ಸುಬ್ಬಾರಾವ್ ಗಾರ ಮನೆಯಲ್ಲಿ ಎಲೆ ಖಾಲಿಯಾದರೆ ಮತ್ತೆ ಬಡಿಸದಿರುವುದು ಅವಮಾನ. ಅವನು ಎಲೆ ಖಾಲಿ ಮಾಡುತ್ತಿದ್ದಂತೆ ಸುಬ್ಬಾರಾವ್ ಗಾರ ಹೆಂಡತಿ, ಅಮ್ಮನವರು, ಬಡಿಸಿದರು, ಅವರು ಬಡಿಸುತ್ತಿದ್ದಂತೆ ಅವನು ಖಾಲಿ ಮಾಡಿದ. ಇಬ್ಬರೂ ಎಷ್ಟು ಮರ್ಯಾದಸ್ಥರು ಎಂದರೆ, ಅವನ ಕಿವಿ ಕೆಂಪಾಗಿ ಮೂಗು ಸುರಿಯುವವರೆಗೂ ಇಬ್ಬರೂ ಸೋಲೊಪ್ಪಲಿಲ್ಲ. ಕೈ ತೊಳೆದ, ಆದರೆ ಆವಕಾಯಿಯ ಎಣ್ಣೆ ಒಂದು ತೊಳೆತಕ್ಕೆ ಹೋಗುವುದಿಲ್ಲ. ಕಾರಿನಲ್ಲಿ ಅದೇ ಬೆರಳಿನಿಂದ ಎರಡೂ ಕಣ್ಣು ಉಜ್ಜಿಕೊಂಡ.

ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಆಗ ಎಲ್ಲೆಲ್ಲೂ ಮಾಸ್ಕ್ ಹಾಕಿದ ಡಾಕ್ಟರುಗಳು. ಬರುವವರನ್ನೆಲ್ಲ ನೋಡುತ್ತಿದ್ದರು, ಹೋಗುವವರಲ್ಲಿ ಸಂಶಯ ಬಂದವರನ್ನು ನಿಲ್ಲಿಸುತ್ತಿದ್ದರು. ಕೆಂಪು ಮುಖ, ಕೆಂಪು ಕಣ್ಣು, ಬೆವರು, ಸುರಿಯುವ ಮೂಗು, ಕೆಮ್ಮು ಹೊತ್ತು ಸರದಿಯಲ್ಲಿ ನಿಂತವನನ್ನು ಕಂಡರೆ ಯಾರಿಗೆ ತಾನೆ ಸಂಶಯ ಬರದು? ಕೆಮ್ಮಿದೆಯೇ, ನೆಗಡಿಯಿದೆಯೇ, ಗಂಟಲುರಿ ಇದೆಯೇ ಎಂದು ಕೇಳುವ ಚೀಟಿ ಕೊಟ್ಟರಂತೆ. ಸತ್ಯವಂತ, ಎಲ್ಲಕ್ಕೂ ಹೌದು ಎಂದು ಗುರುತು ಹಾಕಿದ. ಆವಕಾಯಿ ಎಂದು ಹೇಳಬೇಕೆಂದಿದ್ದನಂತೆ, ಗಂಟಲಿನಿಂದ ದನಿ ಹೊರಡಲಿಲ್ಲ. ಆಂಬುಲೆನ್ಸಿನಲ್ಲಿ ಕೂರಿಸಿ ಜ್ವರದವರಿಗೆಂದು ಮೀಸಲಿಟ್ಟ ಸರಕಾರಿ ಆಸ್ಪತ್ರೆಗೆ ಕರೆದೊಯ್ದರು. ವಿಮಾನ ಹೋಯಿತು, ಅದರ ಜೊತೆಗೆ ಗಡುವೂ ಹೋಯಿತು.

ಮರುದಿನ ಬೆಳಿಗ್ಗೆ ನಾನೂ ಸುಬ್ಬಾರಾವ್ ಗಾರೂ ಆಫೀಸಿನಲ್ಲಿ ಎದುರುಬದುರು ಕೂತೆವು. ವೀಸಾ ಮುಗಿದೂ ದೇಶದಲ್ಲಿ ಉಳಿದವನು ಎಂದು ತೋಮಾಷನ ಹೆಸರು ಒಮ್ಮೆ ದಾಖಲಾದರೆ ಹೊಸ ವೀಸಾ ಸಿಗುವ ಭರವಸೆ ಇರಲಿಲ್ಲ. ಹೊರಗೆ ಹೋದವನು ಹೊರಗೇ ಉಳಿದಾನು, ಈವಾ ಇಲ್ಲಿ ಒಬ್ಬಳೇ ಹೆತ್ತಾಳು. ಹಾಗಾಗದಿರಬೇಕಾದರೆ ಯಾಕೆ ಉಳಿದ ಎಂಬುದಕ್ಕೆ ಅರ್ಜಿಯಲ್ಲಿ ಒಂದು ಕಾರಣ ಬೇಕು.

ಸುಬ್ಬಾರಾವ್ ಗಾರು ಆಗಲೇ ಬರೆದು ತಂದಿದ್ದರು: ಹಂದಿಜ್ವರದ ಶಂಕೆ. ನಿಯಮದಲ್ಲಿ ಕಾಯಿಲೆಗೆ ಜಾಗವಿದೆ, ಸಹಿ ಹಾಕಿಸಿ ಬಾ ಎಂದರು. ನಾನು ಒಪ್ಪಲಿಲ್ಲ. ಈವಾ ಹೆಸರು ಬರೆಸಿದ್ದ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲೇ ಫಲಕವಿತ್ತು: ಮನೆಯಲ್ಲಿ ಈ ಜ್ವರದ ಶಂಕೆ ಇರುವವರನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗಲೇ ಎರಡು ಸಲ ಅವಳ ಮನೆಯ ಮುಂದೆ ಸುಳಿದಾಡಿದ್ದ. ಜ್ವರ ಎಂದು ಬರೆದರೆ ಗಂಡನಿಗೆ ವೀಸಾ ಸಿಗುತ್ತದೆ, ಹೆಂಡತಿಗೆ ಆಸ್ಪತ್ರೆಯ ಹಾಸಿಗೆ ತಪ್ಪುತ್ತದೆ. ಉಪ್ಪಿನಕಾಯಿ ಎಂದು ಬರೆದರೆ ಹಾಸಿಗೆ ಉಳಿಯುತ್ತದೆ, ವೀಸಾ ಹೋಗುತ್ತದೆ. ಯಾವ ನಿಯಮದಲ್ಲೂ ಆವಕಾಯಿಗೆ ಕಾಲಂ ಇರಲಿಲ್ಲ.

ಸುಬ್ಬಾರಾವ್ ಗಾರು ಡ್ರೈವರನ್ನು ಮನೆಗೆ ಕಳಿಸಿ ಜಾಡಿಯನ್ನೇ ತರಿಸಿದರು. ಇದು ಯಾಕೆ ಎಂದರೆ, "ಅವರು ಸಾಕ್ಷಿ ಕೇಳಿದರೆ?" ಎಂದರು. ಮೇಲಧಿಕಾರಿಗಳ ತಿಳಿಗೇಡಿತನದ ಬಗ್ಗೆ ನಾನು ಎಷ್ಟೋ ಸಲ ನಕ್ಕಿದ್ದೇನೆ, ಅವತ್ತೂ ಮನಸ್ಸಿನಲ್ಲಿ ನಕ್ಕೆ. ಆದರೆ ತನ್ನ ಮನೆಯ ಊಟವೇ ಒಬ್ಬನನ್ನು ಆಸ್ಪತ್ರೆ ಸೇರಿಸಿತು ಎಂದು ಹೇಳಿಕೊಳ್ಳಲು ಅವರು ನೋಂದಣಿ ಕಚೇರಿಗೆ ಸ್ವತಃ ಬಂದರು. ಅಷ್ಟು ದೊಡ್ಡ ಹುದ್ದೆಯವರು ಅಷ್ಟು ಚಿಕ್ಕ ಮುಖ ಮಾಡಿಕೊಂಡು ಜಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಕಂಡು ನನ್ನ ಸಿಟ್ಟು ಇಳಿದುಹೋಯಿತು.

ಖಾದ್ರಿ ಸಾಹೇಬರ ಮುಂದೆ ನಾನು ಆಸ್ಪತ್ರೆಯ ಚೀಟಿ ಇಟ್ಟೆ. ಅವರು ಅದನ್ನು ಮುಟ್ಟದೆ ಪೇಪರ್‌ವೇಟ್ ಅನ್ನು ಪೆನ್ಸಿಲಿನಿಂದ ತಳ್ಳಿ ಅದರ ಮೇಲೆ ಕೂರಿಸಿದರು.

"ಖರೆ ಹೇಳ್ರಿ ಬಾಯಾರ. ಅವಗ ಜ್ವರಾ ಐತೋ ಇಲ್ಲೋ?"

"ಇಲ್ರಿ ಸಾಹೇಬ್ರ. ಉಪ್ಪಿನಕಾಯಿ ತಿಂದಾನ."

ಅವರು ನನ್ನನ್ನು ನೋಡಿದರು, ಸುಬ್ಬಾರಾವ್ ಗಾರನ್ನು ನೋಡಿದರು, ಜಾಡಿಯನ್ನು ನೋಡಿದರು. ಇಷ್ಟು ವರ್ಷದಲ್ಲಿ ಎಷ್ಟು ನೆವ ಕೇಳಿಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಬೀದರಿನಲ್ಲಿ ಖಾರ ತಿಂದೇ ಬೆಳೆದವನು ನಾನು, ಉಪ್ಪಿನಕಾಯಿಗೆ ಯಾವ ಗಂಡಸಿಗೂ ಹಾಗೆಲ್ಲ ಆಗುವುದಿಲ್ಲ ಎಂದರು. ಊಟದ ಹೊತ್ತಾಗಿತ್ತು. ಡಬ್ಬಿ ತೆರೆದು ರೊಟ್ಟಿ ತೆಗೆದರು. ಸುಬ್ಬಾರಾವ್ ಗಾರು ಜಾಡಿಯ ಮುಚ್ಚಳ ತೆರೆದು, ಅವರ ಮನೆಯ ಪದ್ಧತಿಯಂತೆ, ಧಾರಾಳವಾಗಿ ಬಡಿಸಿದರು.

ಖಾದ್ರಿ ಸಾಹೇಬರು ಮಾಸ್ಕ್ ಇಳಿಸಿ ಮೊದಲ ತುತ್ತು ನಗುತ್ತಲೇ ನುಂಗಿದರು. ಎರಡನೆಯ ತುತ್ತಿಗೆ ನಗು ನಿಂತಿತು. ಮೂರನೆಯದು ಅರ್ಧಕ್ಕೆ ಉಳಿಯಿತು, ಕೆಮ್ಮು ಶುರುವಾಯಿತು. ಮುಖ ಕೆಂಪೇರಿತು, ಮೂಗು ಸುರಿಯಿತು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಹಿಂದೆ ಸರಿದ. ಹೊರಗೆ ಸರದಿಯಲ್ಲಿದ್ದ ವಿದೇಶಿಯರೆಲ್ಲ ಗೋಡೆಗೆ ಅಂಟಿಕೊಂಡು ನಿಂತರು. ಅಷ್ಟು ತಿಂಗಳು ಊರೆಲ್ಲ ಅವರನ್ನು ಕಂಡು ಸರಿಯುತ್ತಿತ್ತು, ಅವತ್ತು ಅವರು ನಮ್ಮನ್ನು ಕಂಡು ಸರಿದರು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡೆ. ಅದನ್ನು ನೋಡಿ ನನಗೂ ಸೋಂಕು ತಗುಲಿತೆಂದು ಸರದಿಯಲ್ಲಿದ್ದ ಒಬ್ಬಳು ಬೀದಿಗೇ ಓಡಿದಳು.

ನೀರು ಕುಡಿದು, ಕಣ್ಣು ಒರೆಸಿಕೊಂಡು, ಖಾದ್ರಿ ಸಾಹೇಬರು ಪೇಪರ್‌ವೇಟ್ ಅನ್ನು ಕೈಯಿಂದಲೇ ಎತ್ತಿಟ್ಟು ಚೀಟಿ ಓದಿದರು. "ಏನಂತ ಬರೀಲಿ?" ಎಂದು ಅವರೇ ಕೇಳಿದರು. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ: ಹೆಸರು ಕೊಡಲು ಬರದಿದ್ದರೆ ನಡೆದದ್ದನ್ನು ನಡೆದಂತೆ ಬರೆಯಬೇಕು. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಈತ ಗಡುವಿನ ದಿನ ಟಿಕೆಟ್ ಸಮೇತ ವಿಮಾನ ನಿಲ್ದಾಣ ತಲುಪಿದ್ದಾನೆ. ಅಲ್ಲಿನ ವೈದ್ಯರು ಮುನ್ನೆಚ್ಚರಿಕೆಗಾಗಿ ಇರಿಸಿಕೊಂಡಿದ್ದಾರೆ. ಹೊರಡದೆ ಉಳಿದದ್ದು ಈತನ ಇಚ್ಛೆಯಿಂದಲ್ಲ. ಅದರಲ್ಲಿ ಜ್ವರವೂ ಇರಲಿಲ್ಲ, ಉಪ್ಪಿನಕಾಯಿಯೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಪರೀಕ್ಷೆಯ ಫಲ ಬಂದು ಮತ್ತೆ ವಿಮಾನ ಸಿಗುವವರೆಗೆ ಎಂದು ಕೆಲವು ದಿನಗಳ ಅವಧಿ ಕೊಟ್ಟು ಸಹಿ ಹಾಕಿದರು. ಜಾಡಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು, ತೋಮಾಷ್ ಮನೆಗೆ ಬಂದ. ಹೊಸ ಟಿಕೆಟಿಗೆ ನಾನು ಓಡಾಡುತ್ತಿರುವಾಗಲೇ ಈವಾಳಿಗೆ ಹೆರಿಗೆ ನೋವು ಶುರುವಾಯಿತು. ಡಾಕ್ಟರರ ಲೆಕ್ಕಕ್ಕಿಂತ ಮೊದಲೇ. ಬೆಳಗಿನ ಹೊತ್ತು, ಗಚ್ಚಿಬೌಲಿಯ ರಸ್ತೆ ತುಂಬ ಕ್ಯಾಬುಗಳು, ತೋಮಾಷ್ ಮುಂದಿನ ಸೀಟಿನಲ್ಲಿ ಕೂತು ಎದುರಿನವರಿಗೆಲ್ಲ ತೆಲುಗಿನಲ್ಲಿ ದಾರಿ ಬಿಡಿ ಎನ್ನುತ್ತಿದ್ದ. ಆಸ್ಪತ್ರೆಯ ಬಾಗಿಲಲ್ಲಿ, ಮನೆಯಲ್ಲಿ ಯಾರಿಗಾದರೂ ಜ್ವರದ ಶಂಕೆ ಇದೆಯೇ ಎಂದು ನರ್ಸು ಕೇಳಿದಳು. ನಾನು ಖಾದ್ರಿ ಸಾಹೇಬರ ಸಹಿಯ ಕಾಗದವನ್ನೂ ಪರೀಕ್ಷೆಯ ಫಲವನ್ನೂ ಅವಳ ಕೈಗಿಟ್ಟೆ. ಅವಳು ಓದಿ ಬಾಗಿಲು ತೆರೆದಳು. ಹೆಣ್ಣುಮಗು. ತೋಮಾಷನನ್ನು ಒಳಗೇ ಬಿಟ್ಟಿದ್ದರು. ಆಚೆ ಬಂದಾಗ ಅವನ ಮುಖ, ಕಣ್ಣು, ಮೂಗು ಎಲ್ಲ ಆವಕಾಯಿ ತಿಂದ ದಿನದಂತೆಯೇ ಇದ್ದವು. ಈವಾ ನನ್ನನ್ನು ಕಂಡು ನಕ್ಕಳು. ಆ ನಗು ನೋಡಿ ನನಗೆ ನನ್ನ ನೌಕರಿಯ ಬಗ್ಗೆ ಮೊದಲ ಬಾರಿಗೆ ಹೆಮ್ಮೆ ಎನಿಸಿತು.

ಕೆಲವೇ ದಿನಕ್ಕೆ ತೋಮಾಷ್ ಹೊರಟ. ಅವತ್ತೂ ಸುಬ್ಬಾರಾವ್ ಗಾರ ಮನೆಯಲ್ಲೇ ಊಟ, ಊಟ ಹಾಕದೆ ಕಳಿಸುವುದು ಆ ಮನೆಯಲ್ಲಿ ಸಾಧ್ಯವೇ ಇಲ್ಲ. ಅಮ್ಮನವರು ಎಲೆಯ ತುಂಬ ಮೊಸರನ್ನ ಬಡಿಸಿ, ಅವನು ಮುಗಿಸುವವರೆಗೆ ಪಕ್ಕದಲ್ಲೇ ನಿಂತು ಕಾವಲು ಕಾದರು. ಅವನು ನೌಕರಿಯ ವೀಸಾ ಹಿಡಿದು ತಿರುಗಿ ಬರುವವರೆಗೆ ನಮ್ಮ ಅತ್ತೆಯವರೇ ದಿನ ಬಿಟ್ಟು ದಿನ ಗಚ್ಚಿಬೌಲಿಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಿದರು. ಬಾಗಿಲಲ್ಲಿ ತಾವೇ ಮೊದಲು ಕೈಕಾಲು ತೊಳೆಯುತ್ತಿದ್ದರು.

ಕೂಸಿನ ಪಾಸ್‌ಪೋರ್ಟ್ ಬಂದ ಮೇಲೆ ಅವಳನ್ನೂ ನೋಂದಾಯಿಸಬೇಕಿತ್ತು. ಇಲ್ಲಿ ಹುಟ್ಟಿದರೂ ಅವಳು ವಿದೇಶಿಯೇ. ಬಿಳಿ ಹಿನ್ನೆಲೆಯಲ್ಲಿ ಕಣ್ಣು ತೆರೆದ ಫೋಟೋ ತೆಗೆಸಲು ಒಂದು ಇಡೀ ಮಧ್ಯಾಹ್ನ ಹೋಯಿತು. ಕಚೇರಿಯಲ್ಲಿ ತೋಮಾಷ್ ಮಗುವನ್ನು ಎತ್ತಿಕೊಂಡು ನಿಂತಿದ್ದ. ನಾನು ಖಾದ್ರಿ ಸಾಹೇಬರ ಮೇಜಿನ ಮೇಲೆಯೇ ಅರ್ಜಿ ತುಂಬತೊಡಗಿದೆ. ಭಾರತಕ್ಕೆ ಬಂದ ದಿನ: ಹುಟ್ಟಿದ ದಿನವನ್ನೇ ಬರೆದೆ. ಬಂದ ವಿಮಾನ: ಗೆರೆ ಎಳೆದೆ. ಕೊನೆಯ ಕಾಲಂ, ಬಂದಾಗ ಬರಮಾಡಿಕೊಂಡವರು. ಕೈ ತನ್ನಷ್ಟಕ್ಕೆ ನನ್ನ ಹೆಸರು ಬರೆಯಲು ಹೊರಟಿತು. ಖಾದ್ರಿ ಸಾಹೇಬರು ಕಾಗದದ ಮೇಲೆ ಬೆರಳಿಟ್ಟರು.

"ತಡೀರಿ ಬಾಯಾರ. ಈ ಕೂಸು ಬಂದಾಗ ಎದುರಿಗೆ ಯಾರು ನಿಂತಿದ್ರು?"

"ಅವರಪ್ಪಾರಿ."

"ಹಂಗಾರ ಅದನ್ನ ಬರೀರಿ."

ತಂದೆ ಎಂದು ಬರೆದೆ. ಬರೆದು ತಲೆ ಎತ್ತಲು ಆಗಲಿಲ್ಲ, ಅಕ್ಷರಗಳೆಲ್ಲ ಮಂಜಾಗಿದ್ದವು. ಖಾದ್ರಿ ಸಾಹೇಬರು ಅರ್ಜಿ ಎಳೆದುಕೊಂಡು, ನನ್ನತ್ತ ನೋಡದೆಯೇ ಕೇಳಿದರು.

"ಯಾಕ್ರಿ, ಆವಕಾಯಿ ತಿಂದು ಬಂದೀರೇನು?"

"ಹೌದ್ರಿ ಸಾಹೇಬ್ರ" ಎಂದೆ.